ಡಾಕ್ಟರ್ ಅಂಕಲ್ ಬಾಯಿ ತೆರೆದದ್ದು

ಹೋದ ವಾರ ನಾನೇ ಕರಿದ ಕೋಡುಬಳೆ ಕಡಿದು ನನ್ನದೇ ದವಡೆ ಹಲ್ಲು ಮುರಿದುಕೊಂಡೆ. ಬೇರೆ ಯಾರದಾದರೂ ಕೈಯ ಕೋಡುಬಳೆಯಾಗಿದ್ದರೆ ಬೈಯುವುದಕ್ಕೆ ಒಬ್ಬರಾದರೂ ಸಿಗುತ್ತಿದ್ದರು. ಆ ಭಾಗ್ಯವೂ ಇಲ್ಲ. ರಾಕ್‌ವಿಲ್‌ನ ನಮ್ಮ ಹಲ್ಲಿನ ಕ್ಲಿನಿಕ್ಕಿನಲ್ಲಿ ಡೆಂಟಿಸ್ಟ್ ಹುಡುಗಿಯೊಬ್ಬಳು, ನನ್ನ ಮಗಳ ವಯಸ್ಸಿನವಳೇ ಇರಬೇಕು, ಮುರಿದ ಜಾಗಕ್ಕೆ ಸದ್ಯಕ್ಕಿರಲಿ ಎಂದು ಬಿಳಿಯ ಸಿಮೆಂಟೊಂದನ್ನು ಮೆತ್ತಿದಳು. ಮೆತ್ತಿದ್ದೇ ತಡ, ಬಾಯಿ, ಮೂಗು, ತಲೆಯೊಳಗೆಲ್ಲ ಲವಂಗದ ವಾಸನೆ... ಆ ವಾಸನೆಯ ಬೆನ್ನಿಗೇ ಡಾಕ್ಟರ್ ಅಂಕಲ್ ಬಂದರು. ತೀರಿಕೊಂಡು ಎರಡು ವರ್ಷವಾಗುತ್ತ ಬಂತು. ಹೇಳದೆ ಕೇಳದೆ ಒಳನುಗ್ಗುವ ಅಭ್ಯಾಸ ಮಾತ್ರ ಇನ್ನೂ ಬಿಟ್ಟಿಲ್ಲ.

ಅವರು ನನಗೂ ಅಂಕಲ್, ನನ್ನ ಮಗಳಿಗೂ ಅಂಕಲ್. ಇಡೀ ಊರಿಗೇ ಅಂಕಲ್ ಆದವರಿಗೆ ವಯಸ್ಸಿನ ಲೆಕ್ಕ ಯಾರು ಕೇಳುತ್ತಾರೆ? ಎಪ್ಪತ್ತರ ದಶಕದಲ್ಲಿ ಮೈಸೂರಿನಿಂದ ಅಮೆರಿಕಕ್ಕೆ ಬಂದವರು. ಹೃದಯದ ಡಾಕ್ಟರು. ನಾವೆಲ್ಲ ಇಲ್ಲಿಗೆ ಬಂದು ಅಪಾರ್ಟ್‌ಮೆಂಟಿನಲ್ಲಿ ಒಗ್ಗರಣೆ ಹಾಕಿದರೆ ಹೊಗೆಯ ಅಲಾರಂ ಹೊಡೆದುಕೊಳ್ಳುತ್ತದೆಂದು ಹೆದರುತ್ತಿದ್ದ ಕಾಲಕ್ಕೆ ಅವರು ಪೊಟೋಮ್ಯಾಕ್‌ನಲ್ಲಿ ಉದ್ದನೆಯ ಡ್ರೈವ್‌ವೇ ಇದ್ದ ಮನೆ ಕಟ್ಟಿಸಿ ಆಗಿತ್ತು. ನಿವೃತ್ತಿಯಾದ ಮೇಲೆ ಹೃದಯ ನೋಡುವುದನ್ನು ಬಿಟ್ಟು ನಮ್ಮ ಮಕ್ಕಳನ್ನು ನೋಡತೊಡಗಿದರು.

ನಮ್ಮ ಕನ್ನಡದ ಸಂಸಾರಗಳಲ್ಲಿ ಯಾವ ಮಗು "ಡಾಕ್ಟರ್ ಆಗ್ತೀನಿ" ಎಂದರೂ ಅರ್ಜಿ ಹಾಕುವ ಮೊದಲು ಅದನ್ನು ಅವರ ಬೇಸ್‌ಮೆಂಟಿಗೆ ಕರೆದುಕೊಂಡು ಹೋಗುವುದು ಪದ್ಧತಿ. ಹೆಸರಿಗೆ ಮಾಕ್ ಇಂಟರ್ವ್ಯೂ. ನಾವು ಹೇಳುತ್ತಿದ್ದದ್ದು ದರ್ಶನ ಎಂದು. ಒಂದೇ ಸಲಕ್ಕೆ ಎರಡು ಮೂರು ಸಂಸಾರ ಸೇರುತ್ತಿದ್ದವು. ಅಂಕಲ್ ದೊಡ್ಡ ಚರ್ಮದ ಕುರ್ಚಿಯಲ್ಲಿ, ಪಕ್ಕದಲ್ಲಿ ಬಿಚ್ಚಿ ಜೋಡಿಸಬಹುದಾದ ಪ್ಲಾಸ್ಟಿಕ್ ಹೃದಯ, ಎದುರಿಗೆ ಮಡಚುವ ಕುರ್ಚಿಯಲ್ಲಿ ಮಗು, ಗೋಡೆಗೆ ಒರಗಿ ನಾವು. ಅವರು ಪ್ರಶ್ನೆ ಕೇಳುವರು, ಮಗು ಉತ್ತರ ಹೇಳುವುದು, ಅವರು ಆ ಉತ್ತರವನ್ನು ಎಲ್ಲರ ಮುಂದೆ ಚೂರು ಚೂರು ಮಾಡುವರು. ಕೆಲವು ಮಕ್ಕಳು ಅಲ್ಲೇ ಅಳುತ್ತಿದ್ದವು. ಆಮೇಲೆ ದೊಡ್ಡವರು ಮೇಲೆ ಹೋಗಿ ಆಂಟಿ ಕೊಟ್ಟ ಕಾಫಿ ಕುಡಿದು "ತುಂಬಾ ಹೆಲ್ಪ್ ಆಯ್ತು ಅಂಕಲ್" ಎಂದು ಕೈಮುಗಿದು ಬರುತ್ತಿದ್ದೆವು. ಅತ್ತ ಮಕ್ಕಳಿಗೆ ಸೀಟು ಸಿಕ್ಕರೆ ಅದು ಅಂಕಲ್ ಬೈದದ್ದರ ಫಲ. ಸಿಗದಿದ್ದರೆ ಬೈದದ್ದು ಸಾಲಲಿಲ್ಲ.

ನನ್ನ ಮಗಳಿಗೆ ಡೆಂಟಿಸ್ಟ್ ಆಗಬೇಕಿತ್ತು. ಕಾಲೇಜಿನ ಮೂರನೇ ವರ್ಷ. ಈಗ ನಾನು ಬಾಯಿ ತೆರೆದುಕೊಂಡು ಮಲಗಿದ್ದೆನಲ್ಲ, ಅದೇ ಕ್ಲಿನಿಕ್ಕಿನಲ್ಲಿ ಅವಳು ಶನಿವಾರಗಳಂದು ಡೆಂಟಿಸ್ಟ್ ಪಕ್ಕದಲ್ಲಿ ನಿಂತು ಕೆಲಸ ನೋಡಿ ಕಲಿಯುತ್ತಿದ್ದಳು. ಡೆಂಟಲ್ ಪ್ರವೇಶ ಪರೀಕ್ಷೆಯನ್ನೂ ಬರೆದು ಒಳ್ಳೆಯ ಅಂಕ ತೆಗೆದಿದ್ದಳು. ಜೂನ್‌ನಲ್ಲಿ ಅರ್ಜಿ ಕಳಿಸುವುದೊಂದು ಬಾಕಿ. ನನ್ನ ಕೆಲಸ ಬಯೋಟೆಕ್ ಕಂಪನಿಯ ಕ್ವಾಲಿಟಿ ವಿಭಾಗದಲ್ಲಿ, ಅಂದರೆ ಏನೇನು ಕೆಡಬಹುದು ಎಂದು ಮೊದಲೇ ಯೋಚಿಸುವುದಕ್ಕೇ ನನಗೆ ಸಂಬಳ. ಆಫೀಸಿನಲ್ಲಿ ಮುಗಿಯದೆ ಉಳಿದದ್ದನ್ನು ಮನೆಯಲ್ಲಿ ಸಂಬಳವಿಲ್ಲದೆ ಮುಂದುವರಿಸುತ್ತೇನೆ. ಡೆಂಟಿಸ್ಟ್ ಆದರೆ ಬಗ್ಗಿ ಬಗ್ಗಿ ಬೆನ್ನು ಹೋಗುತ್ತದೆ. ಮೆಡಿಸಿನ್ ಓದಿದರೆ ಯೌವನ ಹೋಗುತ್ತದೆ. ಎರಡಕ್ಕೂ ಪ್ರತ್ಯೇಕವಾಗಿ ಚಿಂತೆ ಮಾಡಿ ನೋಡಿದೆ. ಕೊನೆಗೆ ಗೆದ್ದದ್ದು ಮೂರನೆಯ ಚಿಂತೆ: "ಪಾಪ, ಮೆಡಿಕಲ್ ಸಿಗ್ಲಿಲ್ಲ ಅನ್ಸತ್ತೆ" ಎಂದು ಕನ್ನಡ ಸಂಘದ ಪಾಟ್‌ಲಕ್ ಊಟದಲ್ಲಿ ಜನ ಆಡಿಕೊಳ್ಳುವುದು.

ಹಾಗಾಗಿ ಅವಳನ್ನು ದರ್ಶನಕ್ಕೆ ಕರೆದುಕೊಂಡು ಹೋದೆವು. ಸಲಹೆ ಕೇಳುವುದಕ್ಕಲ್ಲ. ಅವಳ ತಲೆಯಿಂದ ಆ ಹಲ್ಲನ್ನು ಕೀಳಿಸುವುದಕ್ಕೆ. ರೆಸ್ಟನ್‌ನಲ್ಲಿ ಕೆಲಸ ಮಾಡುವ ನಮ್ಮ ಮನೆಯವರು ಬೆಲ್ಟ್‌ವೇ ಹೆದ್ದಾರಿಯ ಟ್ರಾಫಿಕ್ ಒಂದನ್ನು ಬಿಟ್ಟು ಬೇರಾವುದಕ್ಕೂ ವಿರೋಧ ಮಾಡಿದವರಲ್ಲ. "ಹೋಗಿ ಬರೋಣ, ಅಂಕಲ್ ಏನಂತಾರೋ ನೋಡೋಣ" ಎಂದರು.

೨೦೨೧ರ ವಸಂತ. ಲಸಿಕೆಯ ಎರಡೂ ಡೋಸ್ ಆದವರು ಒಬ್ಬರ ಮನೆಗೊಬ್ಬರು ಅಂಜುತ್ತ ಹೋಗಿಬರತೊಡಗಿದ್ದರು. ಅಂಕಲ್ ಮನೆಗೆ ಬರಿಗೈಯಲ್ಲಿ ಹೋಗುವಂತಿಲ್ಲ. ಎಲ್ಲರೂ ಒಬ್ಬಟ್ಟು, ಕೇಸರಿಬಾತು, ಮೈಸೂರು ಪಾಕು ಇಂಥವನ್ನೇ ಒಯ್ಯುತ್ತಿದ್ದರು. ಹೀಗೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಅಂಕಲ್‌ಗೆ ಶುಗರ್ ಎಂದು ಎಲ್ಲೋ ಕೇಳಿದ್ದ ನಾನು, ಎಲ್ಲರೂ ಸೇರಿ ಆ ಮನುಷ್ಯನನ್ನು ಸಿಹಿ ತಿನ್ನಿಸಿ ಕೊಲ್ಲುತ್ತಿದ್ದಾರಲ್ಲ ಎಂದು ಚಿಂತಿಸಿ ಕೋಡುಬಳೆ ಮಾಡಿದೆ. ಮಗಳ ಯೋಚನೆಯಲ್ಲಿ ಹಿಟ್ಟಿಗೆ ಕಾದ ಎಣ್ಣೆ ಹಾಕುವುದನ್ನೇ ಮರೆತೆ. ಮಾಡುವವರಿಗೆ ಗೊತ್ತು, ಎಣ್ಣೆ ಬೀಳದ ಕೋಡುಬಳೆ ಕೋಡುಬಳೆಯಲ್ಲ, ಕಬ್ಬಿಣದ ಬಳೆ.

ಅವತ್ತು ಬೇಸ್‌ಮೆಂಟಿನಲ್ಲಿ ಇನ್ನೂ ಎರಡು ಸಂಸಾರಗಳಿದ್ದವು. ಅಂಕಲ್ ಮಗಳನ್ನು ಮಡಚುವ ಕುರ್ಚಿಯಲ್ಲಿ ಕೂರಿಸಿ, "ಹ್ಞೂಂ. ವೈ ಡೆಂಟಿಸ್ಟ್ರಿ?" ಎಂದರು.

"ನಂಗೆ ಕೈಯಲ್ಲಿ ಕೆಲಸ ಮಾಡೋದು ಇಷ್ಟ ಅಂಕಲ್. ಮತ್ತೆ... ಜನ ಪೇನ್‌ನಲ್ಲಿ ಬರ್ತಾರೆ, ಸೇಮ್ ಡೇ ಪೇನ್ ಇಲ್ದೆ ಹೋಗ್ತಾರೆ. ಐ ಲೈಕ್ ದಟ್."

"ಪ್ಲಂಬರ್ ಬಂದು ಹೋದ್ಮೇಲೂ ನಮ್ಮನೇಲಿ ಹಾಗೇ ಅನ್ಸತ್ತೆ. ಪ್ಲಂಬರ್ ಆಗ್ತೀಯಾ?"

ಗೋಡೆಯ ಪಕ್ಕದವರು ನಕ್ಕರು. ಅಂಕಲ್‌ಗೆ ಹುರುಪು ಬಂತು. "ಪ್ಲೇನ್‌ನಲ್ಲಿ ಯಾರಿಗೋ ಹಾರ್ಟ್ ಅಟ್ಯಾಕ್ ಆಗತ್ತೆ. ಡಾಕ್ಟರ್ ಯಾರಾದ್ರೂ ಇದೀರಾ ಅಂತ ಕೂಗ್ತಾರೆ. ನೀನು ಎದ್ದು ಏನು ಹೇಳ್ತೀಯ? ನಾನಿದೀನಿ, ಆದ್ರೆ ಹಲ್ಲಿನವರೆಗೆ ಮಾತ್ರ ಅಂತಲಾ?"

"ಇಲ್ಲ ಅಂಕಲ್, ನಾನು ಕೂತೇ ಇರ್ತೀನಿ. ನೀವು ಎದ್ದೇಳಿ."

ನಗಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಆ ಹೊತ್ತಿಗೇ ಅಂಕಲ್ ತಟ್ಟೆಯಿಂದ ನನ್ನ ಕೋಡುಬಳೆಯೊಂದನ್ನು ಎತ್ತಿ ಕಡಿದರು. ಕಟ್ ಎಂದು ಸದ್ದಾಯಿತು. ಮುರಿದದ್ದು ಕೋಡುಬಳೆಯಲ್ಲ. ಅವರ ಮುಖವೆಲ್ಲ ಒಂದು ಕಡೆಗೆ ಎಳೆದುಕೊಂಡಿತು, ಕಣ್ಣಲ್ಲಿ ನೀರು ಬಂತು. ಜೇಬಿನಿಂದ ಕರ್ಚೀಫು ತೆಗೆದರು. ಬೇಸ್‌ಮೆಂಟಿನ ತುಂಬ ಲವಂಗದೆಣ್ಣೆಯ ವಾಸನೆ ಹರಡಿತು. ಕರ್ಚೀಫಿನ ಮರೆಯಲ್ಲಿ ಮೇಲಿನ ಹಲ್ಲುಸೆಟ್ಟು ಹೊರಗೆ ಬಂತು. ಅದಕ್ಕೆ ಅಂಚಿನಲ್ಲಿ ಬಿರುಕು ಬಿಟ್ಟಿತ್ತು. ಅವರಿಗೆ ಕಟ್ಟಿದ ಹಲ್ಲೆಂದು ನನಗೆ ತಿಳಿದದ್ದು ಆಗಲೇ. ಮಿಕ್ಕವರೆಲ್ಲ ನನ್ನನ್ನು ನೋಡಿದ ನೋಟದಿಂದ, ಗೊತ್ತಿಲ್ಲದೆ ಇದ್ದವಳು ನಾನೊಬ್ಬಳೇ ಎಂದೂ ತಿಳಿಯಿತು.

ಬೇರೆಯವರಾಗಿದ್ದರೆ ಎದ್ದು ಹೋಗುತ್ತಿದ್ದರು. ಅಂಕಲ್ ಅವಮಾನವನ್ನು ಸುಮ್ಮನೆ ನುಂಗುವವರಲ್ಲ, ಬೇರೆಯವರಿಗೆ ಬಡಿಸುವವರು. ಹಲ್ಲುಸೆಟ್ಟನ್ನು ಕಾಫಿ ಸಾಸರ್ ಮೇಲಿಟ್ಟು ಮಗಳ ಕಡೆ ತಳ್ಳಿದರು. ಹಲ್ಲಿಲ್ಲದ ಬಾಯಿಯಿಂದ ಮಾತು ಗಾಳಿಯಾಗಿ ಬಂತು. "ತಗೋ. ನಿನ್ನ ಪೇಷಂಟು. ಇದಕ್ಕೋಸ್ಕರ ಓದ್ತೀಯಲ್ಲ, ನೋಡು."

ಮಗಳು ಸಾಸರ್ ಎತ್ತಿಕೊಂಡಳು. ಅಸಹ್ಯ ಪಡಲಿಲ್ಲ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. "ಇದು ಫಿಟ್ ಆಗಲ್ಲ ಅಂಕಲ್ ಈಗ. ತುಂಬಾ ಹಳೇದು. ನೋವಿಗೆ ಕ್ಲೋವ್ ಆಯಿಲ್ ಹಾಕ್ತಿದೀರಾ? ನಾನು ಬಾಯಿ ನೋಡ್ಲಾ?"

"ನೋಡಮ್ಮ ನೋಡು. ಇನ್ಶೂರೆನ್ಸ್ ಕಾರ್ಡ್ ಬೇಕಾ?" ಎಂದು ತಮಾಷೆಗೆ ಬಾಯಿ ತೆರೆದರು. ಅವಳು ಮಾಸ್ಕ್ ಹಾಕಿಕೊಂಡು, ಫೋನಿನ ಟಾರ್ಚ್ ಹಚ್ಚಿ ಬಗ್ಗಿದಳು. ಇಡೀ ಊರಿನ ಮಕ್ಕಳನ್ನು ಅಳಿಸಿದ ಆ ಬಾಯೊಳಗೆ ನನ್ನ ಮಗಳು ಅಷ್ಟು ಹೊತ್ತು ಸಮಾಧಾನವಾಗಿ ನೋಡಿದ್ದು... ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

"ಎಡಗಡೆ, ಹಿಂದೆ, ಗಮ್ ಮೇಲೆ ಒಂದು ವೈಟ್ ಪ್ಯಾಚ್ ಇದೆ," ಎಂದಳು. "ಇದು ಸೆಟ್ ಉಜ್ಜಿ ಉಜ್ಜಿ ಆಗಿರಬಹುದು. ಆದ್ರೆ ಯಾರಿಗಾದ್ರೂ ತೋರಿಸಿ ಅಂಕಲ್. ಪ್ಲೀಸ್."

ಯಾರೂ ನಗಲಿಲ್ಲ. ಅಂಕಲ್ ಬಿರುಕು ಬಿಟ್ಟ ಸೆಟ್ಟನ್ನೇ ಮತ್ತೆ ಬಾಯಿಗೆ ಹಾಕಿಕೊಂಡರು. ಮಗಳು ಇನ್ನೊಂದು ಪ್ರಶ್ನೆ ಕೇಳಿಬಿಟ್ಟಳು, ನಿಜವಾಗಿ ತಿಳಿದುಕೊಳ್ಳುವುದಕ್ಕೇ ಕೇಳಿದ್ದು: "ನೀವು ಪ್ರಾಕ್ಟೀಸ್ ಮಾಡುವಾಗ ಪೇಷಂಟ್ಸ್ ಬಾಯಿ ನೋಡ್ತಿರ್ಲಿಲ್ವಾ?"

"ಬಾಯಿ ನಮ್ಮ ಸಬ್ಜೆಕ್ಟ್ ಅಲ್ಲ," ಎಂದರು ಅಂಕಲ್. "ನೆಕ್ಸ್ಟ್ ಯಾರು?"

ಕಾರಿನಲ್ಲಿ ನಾನು ಸುಮ್ಮನಿರಲಿಲ್ಲ. "ಅಷ್ಟು ಜನರ ಮುಂದೆ ಹೇಳ್ಬೇಕಿತ್ತಾ? ನಿಂಗೇನು ಗೊತ್ತು ಅಂತ ಹೇಳ್ದೆ?"

"ಅಲ್ಲಿ ಇತ್ತು ಅಮ್ಮ. ಅದಕ್ಕೆ ಹೇಳ್ದೆ," ಎಂದಳು. ಅವಳಿಗೆ ಅದು ಅಷ್ಟು ಸರಳ.

ಆಮೇಲೆ ಅಂಕಲ್ ಕಡೆಯಿಂದ ಸುದ್ದಿಯಿಲ್ಲ. ನಾನು ಫೋನ್ ಮಾಡಲು ಹೆದರಿದೆ. ಕಲೆ ಏನೂ ಅಲ್ಲದಿದ್ದರೆ ಮಗಳಿಗೆ ಅವಮಾನ, ಏನಾದರೂ ಆಗಿದ್ದರೆ ಅವರಿಗೆ ಸಾವು. ಇವೆರಡರಲ್ಲಿ ನಾನು ಯಾವುದಕ್ಕಾಗಿ ಹರಕೆ ಹೊತ್ತೆ ಎಂದು ದಯವಿಟ್ಟು ಕೇಳಬೇಡಿ.

ಜೂನ್‌ನಲ್ಲಿ ಸಂಘದ ಪಿಕ್ನಿಕ್ಕು. ಪಾರ್ಕಿನ ಷೆಲ್ಟರ್ ಕೆಳಗೆ ಬಿಸಿಬೇಳೆ ಬಾತಿನ ದೊಡ್ಡ ಟ್ರೇಗಳು, ಅಂತ್ಯಾಕ್ಷರಿಗೆಂದು ತಂದ ಮೈಕು. ಒಂದು ವರ್ಷದಿಂದ ಮುಖ ನೋಡದ ಜನ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುತ್ತಿದ್ದರು. ಅಂಕಲ್ ಹೊಸ ಹಲ್ಲುಸೆಟ್ಟಿನಲ್ಲಿ ಬಂದರು, ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತಿದ್ದರು. ನೇರ ಹೋಗಿ ಮೈಕು ಕೈಗೆ ತೆಗೆದುಕೊಂಡರು.

"ನಮ್ಮಲ್ಲೊಬ್ರು ಹೊಸ ಡಾಕ್ಟರ್ ಹುಟ್ಟಿಕೊಂಡಿದಾರೆ, ಗೊತ್ತಾ? ಇನ್ನೂ ಕಾಲೇಜ್ ಮುಗಿದಿಲ್ಲ, ಆಗ್ಲೇ ಡಯಾಗ್ನೋಸಿಸ್ ಶುರು! ನನಗೆ ಕ್ಯಾನ್ಸರ್ ಅಂದ್ರು." ನಿಲ್ಲಿಸಿದರು. ಎಲ್ಲಿ ನಿಲ್ಲಿಸಬೇಕೆಂದು ಅವರಿಗೆ ಯಾವಾಗಲೂ ಗೊತ್ತಿತ್ತು. "ಬಯಾಪ್ಸಿ ಮಾಡಿಸ್ದೆ. ಏನೂ ಇಲ್ಲ. ಪಾಪ ಹುಡುಗಿ! ಮೊದಲನೇ ಪೇಷಂಟೇ ಬದುಕಿಬಿಟ್ಟ!"

ಷೆಲ್ಟರ್ ಕೆಳಗೆ ನಗುವಿನ ಅಲೆ ಎದ್ದಿತು. ಮಗಳು ಬಾಳೆಹಣ್ಣು ಹಂಚುತ್ತಿದ್ದವಳು ಕೈಯಲ್ಲಿ ಚಿಪ್ಪು ಹಿಡಿದುಕೊಂಡೇ ನಿಂತಿದ್ದಳು. ಅಂಕಲ್ ಅವಳನ್ನು ಬೆರಳು ಮಾಡಿ ತೋರಿಸಿದರು. "ಅಲ್ಲಿದಾರೆ ನೋಡಿ, ಡಾಕ್ಟರಮ್ಮ. ಯಾರ್ಯಾರಿಗೆ ಎಷ್ಟೆಷ್ಟು ದಿನ ಉಳಿದಿದೆ ಕೇಳ್ಕೊಳಿ." ಯಾರೋ ನಿಜವಾಗಿಯೂ ಅವಳ ಮುಂದೆ ಹೋಗಿ "ಆ" ಎಂದು ಬಾಯಿ ತೆರೆದರು. ಆಮೇಲೆ ಮತ್ತೊಬ್ಬರು. ದೊಡ್ಡ ದೊಡ್ಡ ಉದ್ಯೋಗದ ಗಂಡಸರು, ಫೆಡರಲ್ ಕೆಲಸದವರು, ಬಿಸಿಬೇಳೆ ಬಾತು ಮೆತ್ತಿದ ಬಾಯಿ ತೆರೆದುಕೊಂಡು ಸಾಲಾಗಿ ನಿಂತರು. ಒಳ್ಳೆಯ ಜನ. ಅದಕ್ಕೆ ಅವಳು ನಗುತ್ತಾಳೆಂದೇ ಅಂದುಕೊಂಡಿದ್ದರು. ನಗಲಿಲ್ಲವೆಂದು ಬೇಸರವನ್ನೂ ಮಾಡಿಕೊಂಡರು.

ವಾಪಸು ಬರುವಾಗ ಅವಳು ಹೇಳಿದ್ದು ಒಂದೇ ಮಾತು. "ನಾನು ಕ್ಯಾನ್ಸರ್ ಅಂತ ಹೇಳ್ಲೇ ಇಲ್ಲ. ಅಮ್ಮ, ನೀನು ಅಲ್ಲೇ ಇದ್ದೆ."

"ಹೋಗ್ಲಿ ಬಿಡು ಪುಟ್ಟ, ದೊಡ್ಡೋರು," ಎಂದೆ.

ಡೆಂಟಲ್ ಅರ್ಜಿ ಹೋಗಲೇ ಇಲ್ಲ. ಮುಂದಿನ ಚಳಿಗಾಲದಲ್ಲಿ ಮೆಡಿಕಲ್ ಪ್ರವೇಶ ಪರೀಕ್ಷೆಗೆ ಓದತೊಡಗಿದಳು. ಯಾಕೆಂದು ನಾವು ಕೇಳಲಿಲ್ಲ. ಕೇಳಿದರೆ ಮನಸ್ಸು ಬದಲಾಯಿಸಿಬಿಟ್ಟಾಳೆಂಬ ಭಯ. ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ನನಗೆ ಬೇಕಾದದ್ದೇ ಆಗಿತ್ತಲ್ಲ! ನಾರ್ತ್ ಕೆರೊಲೈನಾದಲ್ಲಿ ಸೀಟು ಸಿಕ್ಕಿದ ದಿನ ಅಂಕಲ್ ತಾವಾಗಿಯೇ ಫೋನ್ ಮಾಡಿದರು. "ನೋಡಿದ್ಯೇನಮ್ಮ? ಅವತ್ತು ಹಾಗೆ ಕುಟುಕಿದ್ದಕ್ಕೇ ದಾರಿಗೆ ಬಂದ್ಲು. ನೀವೆಲ್ಲ ಮಕ್ಕಳನ್ನ ಮುದ್ದು ಮಾಡ್ತೀರಿ, ಬಯ್ಯೋ ಕೆಲಸ ನನ್ನ ತಲೆಗೆ." ತಮ್ಮ ಹಳೆಯ ಸ್ಟೆತಸ್ಕೋಪನ್ನು ಅವಳಿಗೆಂದು ಕಳಿಸಿಕೊಟ್ಟರು. ಅವಳು ಪೆಟ್ಟಿಗೆ ತೆರೆದು, ಮೂಸಿ, ಮುಚ್ಚಿದಳು. ಅದು ಇನ್ನೂ ನಮ್ಮ ಮನೆಯ ಡ್ರಾಯರ್‌ನಲ್ಲೇ ಇದೆ. ಕಿವಿಗೆ ಹಾಕುವ ತುದಿಗೂ ಲವಂಗದ ವಾಸನೆ ಹತ್ತಿತ್ತು.

ನಾನು ಮಾತಿನಲ್ಲಿ ಸೇಡು ತೀರಿಸಿಕೊಳ್ಳುವವಳಲ್ಲ, ಅಷ್ಟು ಧೈರ್ಯವಿಲ್ಲ. ಆದರೆ ಅಡುಗೆಮನೆ ನನ್ನದಲ್ಲವೇ? ಪಿಕ್ನಿಕ್ಕಾದ ಮೇಲೆ ಪ್ರತಿ ಹಬ್ಬಕ್ಕೂ ಅಂಕಲ್ ಮನೆಗೆ ಒಂದು ಡಬ್ಬಿ ಕೋಡುಬಳೆ ಕಳಿಸಿದೆ. ಗೌರಿಗೆ, ದೀಪಾವಳಿಗೆ, ಯುಗಾದಿಗೆ. ಕಾದ ಎಣ್ಣೆಯನ್ನು ಬೇಕೆಂದೇ ಬಿಟ್ಟು, ಕೆಂಪಗೆ, ಕಲ್ಲಿನಂತೆ ಕರಿದು. ಡಬ್ಬಿ ಮುಚ್ಚುವಾಗ ಆ ಹೊಸ ಹಲ್ಲುಸೆಟ್ಟನ್ನು ನೆನೆದು ನನಗೆ ಎಂಥ ನೆಮ್ಮದಿ! ಡಬ್ಬಿ ಪ್ರತಿ ಸಲವೂ ಖಾಲಿಯಾಗಿ, ತೊಳೆದು, ವಾಪಸು ಬರುತ್ತಿತ್ತು. ಎಸೆದಿರುತ್ತಾರೆ ಅಂದುಕೊಂಡಿದ್ದೆ.

ಅಂಕಲ್ ನಿದ್ದೆಯಲ್ಲೇ ಹೋದರು. ಹೃದಯದ ಡಾಕ್ಟರಿಗೆ ಹೃದಯವೇ ಕೈಕೊಟ್ಟಿತು. ಬಾಯಿ ಕೊನೆಯ ದಿನದವರೆಗೂ ಗಟ್ಟಿಯಾಗಿತ್ತು.

ವೈಕುಂಠ ಸಮಾರಾಧನೆಯ ದಿನ ಊಟವಾದ ಮೇಲೆ ಆಂಟಿ ನನ್ನನ್ನು ಅಡುಗೆಮನೆಗೆ ಕರೆದು ಡಬ್ಬಿ ಕೊಟ್ಟರು. "ನಿನ್ನ ಕೋಡುಬಳೆ ಅಂದ್ರೆ ಪ್ರಾಣ ಬಿಡೋರು ಕಣೆ. ಹಲ್ಲಲ್ಲಿ ಆಗ್ತಿರ್ಲಿಲ್ಲ. ಮಿಕ್ಸೀಲಿ ಪುಡಿ ಮಾಡಿಸ್ಕೊಂಡು ಮೊಸರನ್ನಕ್ಕೆ ಉದುರಿಸ್ಕೊಂಡು ತಿನ್ನೋರು. ನಂಗೂ ಕೊಡ್ತಿರ್ಲಿಲ್ಲ."

ನನ್ನ ಸೇಡನ್ನು ಆ ಮನುಷ್ಯ ಮೊಸರನ್ನದಲ್ಲಿ ಕಲಸಿಕೊಂಡು ತಿಂದಿದ್ದರು.

ಆಂಟಿ ಸಿಂಕಿನ ನಲ್ಲಿ ತಿರುಗಿಸಿ, ಸದ್ದಿನ ಮರೆಯಲ್ಲಿ ಮತ್ತೂ ಹೇಳಿದರು. ಮಗಳು ಬಾಯಿ ನೋಡಿದ ಮಾರನೆಯ ದಿನವೇ ಅಂಕಲ್ ತೋರಿಸಿಕೊಳ್ಳಲು ಹೋಗಿದ್ದರಂತೆ. ರಿಪೋರ್ಟ್ ಬರುವವರೆಗೂ ನಿದ್ದೆಯಿಲ್ಲ, ಊಟವಿಲ್ಲ. ಬೇಸ್‌ಮೆಂಟಿನಲ್ಲಿ ಆ ಮಡಚುವ ಕುರ್ಚಿಯಲ್ಲೇ ಕೂತಿರುತ್ತಿದ್ದರಂತೆ. "ಆ ಹುಡುಗಿಗೆ ಫೋನ್ ಮಾಡಿ ಕೇಳು, ಎಷ್ಟು ದೊಡ್ಡದಿತ್ತು, ಅಂಚು ಹೇಗಿತ್ತು ಅಂತ" ಎಂದು ಆಂಟಿಯ ಕೈಗೆ ಫೋನ್ ಕೊಡುವುದು, ಡಯಲ್ ಮಾಡುವಷ್ಟರಲ್ಲಿ ಕಿತ್ತುಕೊಳ್ಳುವುದು.

"ಅಳ್ತಿದ್ರು ಕಣೆ," ಎಂದರು ಆಂಟಿ. "ನಾನು ಮದುವೆ ಆದಾಗಿಂದ ನೋಡಿರ್ಲಿಲ್ಲ. ಏನೂ ಇಲ್ಲ ಅಂತ ರಿಪೋರ್ಟ್ ಬಂತಲ್ಲ, ಆವಾಗ ಕೋಪ ಬಂತು. ಇಷ್ಟು ಹೆದರಿಸಿದ್ಲಲ್ಲ, ಅವಳಿಗೂ ಸ್ವಲ್ಪ ಗೊತ್ತಾಗ್ಲಿ ಅಂದ್ರು."

ಇದನ್ನು ಮಗಳಿಗೆ ಹೇಳಿದೆ. "ಓ," ಎಂದಳು. ಅಷ್ಟೇ. ಆ ಹೊತ್ತಿಗೆ ಅವಳು ಅಷ್ಟೇ ಮಾತಾಡುವ ಹುಡುಗಿಯಾಗಿದ್ದಳು...

ಇದೆಲ್ಲ ಆ ಕುರ್ಚಿಯಲ್ಲಿ ಅಂಗಾತ ಮಲಗಿ, ಬಾಯೊಳಗೆ ಸಿಮೆಂಟು ಗಟ್ಟಿಯಾಗುವುದನ್ನು ಕಾಯುತ್ತಿದ್ದಾಗ ನೆನಪಾದದ್ದು. ಡೆಂಟಿಸ್ಟ್ ಹುಡುಗಿ ಕನ್ನಡಿ ಹಾಕಿ ಕೊನೆಯ ಸಲ ಒಳಗೆಲ್ಲ ನೋಡಿದಳು. ಕೈ ನಿಂತಿತು. ಕೆನ್ನೆಯ ಒಳಗೆ ಒಂದು ಬಿಳಿ ಕಲೆ ಇದೆ ಎಂದಳು. ಕಚ್ಚಿಕೊಂಡು ಆಗಿರಬಹುದು, ಆದರೂ ಒಬ್ಬ ತಜ್ಞರಿಗೆ ತೋರಿಸಿ ಬಯಾಪ್ಸಿ ಮಾಡಿಸಿದರೆ ಒಳ್ಳೆಯದು ಎಂದಳು. ಮೆತ್ತಗಿನ ದನಿ. ನನಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಮೊನ್ನೆ ಮೊನ್ನೆ ಓದು ಮುಗಿಸಿ ಬಂದವಳು, ಇವಳಿಗೇನು ಗೊತ್ತು? ಬಾಯಿ ಮುಚ್ಚುವಂತಿದ್ದರೆ ಅಂದೇಬಿಡುತ್ತಿದ್ದೆ. ಅಂಕಲ್ ಎಲ್ಲೋ ಹತ್ತಿರದಲ್ಲೇ ಕೂತು ಕೇಳುತ್ತಿದ್ದಂತಿತ್ತು.

ಭಯ ಪಾರ್ಕಿಂಗ್ ಲಾಟಿನಲ್ಲಿ ಬಂತು. ಬರದೆ ಎಲ್ಲಿಗೆ ಹೋದೀತು, ನನ್ನ ವಿಳಾಸ ಅದಕ್ಕೆ ಬಾಯಿಪಾಠ. ಕಾರಿನಲ್ಲಿ ಕೂತು, ಕನ್ನಡಿಯಲ್ಲಿ ಕೆನ್ನೆ ಹಿಗ್ಗಿಸಿ ನೋಡಿಕೊಂಡೆ. ಏನೂ ಕಾಣಲಿಲ್ಲ, ಎಲ್ಲವೂ ಕಂಡಂತಾಯಿತು. ಫೋನಿನ ಟಾರ್ಚ್ ಹಚ್ಚಿ ಫೋಟೋ ತೆಗೆದೆ. ಮಗಳಿಗೆ ಫೋನ್ ಮಾಡಿದೆ. ಆಸ್ಪತ್ರೆಯ ಯಾವುದೋ ಕಾರಿಡಾರಿನಲ್ಲಿದ್ದಳು, ಹಿಂದೆ ಯಾರನ್ನೋ ಕೂಗುವ ಸದ್ದು. ವಿಷಯ ಹೇಳಿದೆ.

"ಬಯಾಪ್ಸಿ ಯಾವಾಗ?"

"ಗುರುವಾರ. ಅಷ್ಟರೊಳಗೆ ನೀನೇ ಒಂದ್ಸಲ ನೋಡು ಪುಟ್ಟ. ಫೋಟೋ ಕಳಿಸ್ತೀನಿ. ಏನನ್ಸತ್ತೋ ಅದನ್ನೇ ಹೇಳು, ಪರವಾಗಿಲ್ಲ."

ಆ ಕಡೆ ಮತ್ತೆ ಯಾರನ್ನೋ ಕೂಗಿದರು. ಅಂಕಲ್ ಬಾಯಿಯ ಮುಂದೆ ಟಾರ್ಚ್ ಹಿಡಿದು ಬಗ್ಗಿದ್ದ ಹುಡುಗಿ ಆ ಗದ್ದಲದೊಳಗೆ ಎಲ್ಲಾದರೂ ಇರಬಹುದೆಂದು ಕಿವಿಗೊಟ್ಟು ಕೇಳಿದೆ.

"ಬೇಡಮ್ಮ, ಕಳಿಸ್ಬೇಡ," ಎಂದಳು. ದನಿಯಲ್ಲಿ ಕೋಪವಿರಲಿಲ್ಲ, ವಿನಯವೇ ಇತ್ತು. "ಬಾಯಿ ನನ್ನ ಸಬ್ಜೆಕ್ಟ್ ಅಲ್ಲ."